ಬಸುರಿಯ ಶುಗರ್ ಮತ್ತು ಕೊಬ್ಬಿನ ಹಾರ್ಮೋನು: ಹೊಸ ಪರೀಕ್ಷೆಗೆ ದುಡ್ಡು ಕೊಡಬೇಕೇ?

ಮೂರನೇ ತಿಂಗಳಲ್ಲೇ ರಕ್ತದಲ್ಲಿ ಕೊಬ್ಬಿನ ಹಾರ್ಮೋನು ಅಳೆದರೆ ಸಾಕು, ಬಸುರಿಗೆ ಮುಂದೆ ಸಕ್ಕರೆ ಕಾಯಿಲೆ ಬರುತ್ತದೋ ಇಲ್ಲವೋ ಹೇಳಿಬಿಡಬಹುದು ಎಂಬ ಧಾಟಿಯ ಸುದ್ದಿಗಳು ಆಗಾಗ ಮೊಬೈಲಿಗೆ ಬಂದು ಬೀಳುತ್ತವೆ. ಓದಿದವರಿಗೆ ಎರಡು ಗೊಂದಲ. ಕೊಬ್ಬಿಗೂ ಹಾರ್ಮೋನಿಗೂ ಏನು ನಂಟು ಎಂಬುದು ಒಂದು. ಕೊಬ್ಬಿನಿಂದಲೇ ಈ ಕಾಯಿಲೆ ಬರುವುದಾದರೆ, ಬಸುರಿಗೆ ಮೊದಲು 50 ಕೆ.ಜಿ. ತೂಗುತ್ತಿದ್ದ ಹುಡುಗಿಗೆ ಆರನೇ ತಿಂಗಳಲ್ಲಿ ಶುಗರ್ ಬಂದದ್ದು ಹೇಗೆ ಎಂಬುದು ಇನ್ನೊಂದು. ಬೆಂಗಳೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ರಿಪೋರ್ಟು ಕೈಗೆ ಬಂದ ಕೂಡಲೇ ಅತ್ತೆ, ಅಮ್ಮಂದಿರ ಬಾಯಿಂದ ಹೊರಡುವುದು ಈ ಎರಡನೆಯ ಪ್ರಶ್ನೆ: 'ಇವಳು ಕಡ್ಡಿ ಹಾಗಿದ್ದಾಳಲ್ಲ ಡಾಕ್ಟ್ರೇ, ನಮ್ಮ ಕಡೆ ಯಾರಿಗೂ ಇಲ್ಲವಲ್ಲ?'

ಕೊಬ್ಬಿನ ಹಾರ್ಮೋನುಗಳ ವಿಜ್ಞಾನ ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುತ್ತದೆ. ಆದರೆ ಕಾಯಿಲೆ ಏಕೆ ಬಂತೆಂದು ವಿವರಿಸಬಲ್ಲ ವಸ್ತುವೆಲ್ಲ ಕಾಯಿಲೆ ಹಿಡಿಯುವ ಪರೀಕ್ಷೆಯಾಗಿ ಕೆಲಸಕ್ಕೆ ಬರುವುದಿಲ್ಲ. ಸುದ್ದಿಗಳು ಈ ಎರಡನ್ನೂ ಕಲಸಿಬಿಡುವುದೇ ತೊಂದರೆ.

ಕೊಬ್ಬು ಸುಮ್ಮನೆ ಕೂತಿರುವುದಿಲ್ಲ

ಉಂಡು ಮಿಕ್ಕಿದ್ದನ್ನು ಕೂಡಿಡುವ ಜಾಗ ಎಂಬುದಕ್ಕಿಂತ ಹೆಚ್ಚಿನ ಗೌರವವನ್ನು ವೈದ್ಯಶಾಸ್ತ್ರವೂ ಬಹುಕಾಲ ಕೊಬ್ಬಿಗೆ ಕೊಟ್ಟಿರಲಿಲ್ಲ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಪತ್ತೆಹಚ್ಚಿದ ಮೇಲೆ ನೋಟ ಬದಲಾಯಿತು. ಕೊಬ್ಬಿನ ಕೋಶಗಳೇ ತಯಾರಿಸಿ ರಕ್ತಕ್ಕೆ ಬಿಡುವ ಈ ಹಾರ್ಮೋನು ಮಿದುಳಿಗೆ ಹೋಗಿ, ದಾಸ್ತಾನು ಎಷ್ಟಿದೆ ಎಂದು ತಿಳಿಸುತ್ತದೆ. ಅದಾದ ಒಂದೆರಡು ವರ್ಷದಲ್ಲಿ ಅಡಿಪೊನೆಕ್ಟಿನ್ ಸಿಕ್ಕಿತು, 2001ರಲ್ಲಿ ರೆಸಿಸ್ಟಿನ್. ಉರಿಯೂತದ ಸಮಯದಲ್ಲಿ ಹೆಚ್ಚುವ ಟಿಎನ್‌ಎಫ್-ಆಲ್ಫಾ ಎಂಬ ಪ್ರೋಟೀನು ಕೂಡ ಕೊಬ್ಬಿನ ಅಂಗಾಂಶದಿಂದ ಹೊರಡುತ್ತದೆಂದು 1993ರಲ್ಲೇ ಗೊತ್ತಾಗಿತ್ತು. ಇಂಥವನ್ನೆಲ್ಲ ಒಟ್ಟಾಗಿ ಅಡಿಪೊಕೈನ್ ಎನ್ನುತ್ತಾರೆ; ಪಟ್ಟಿ ಇವತ್ತಿಗೂ ಬೆಳೆಯುತ್ತಲೇ ಇದೆ.

ಬಸುರಿನ ಶುಗರ್ ಮಟ್ಟಿಗೆ ಈ ಪಟ್ಟಿಯಲ್ಲಿ ನಿಜವಾದ ತೂಕ ಇರುವುದು ಅಡಿಪೊನೆಕ್ಟಿನ್‌ಗೆ. ಉಳಿದ ಹಾರ್ಮೋನುಗಳು ನ್ಯಾನೊಗ್ರಾಂ ಲೆಕ್ಕದಲ್ಲಿದ್ದರೆ ಇದು ಒಂದು ಮಿಲಿಲೀಟರ್ ರಕ್ತದಲ್ಲಿ ಹಲವು ಮೈಕ್ರೊಗ್ರಾಂ, ಅಂದರೆ ಸಾವಿರ ಪಟ್ಟು ಹೆಚ್ಚು ಇರುತ್ತದೆ. ಇದು ಸ್ನಾಯುಗಳಲ್ಲಿ ಸಕ್ಕರೆಯ ಬಳಕೆಯನ್ನು, ಕೊಬ್ಬು ಉರಿಯುವುದನ್ನು ಹೆಚ್ಚಿಸುತ್ತದೆ. ಲಿವರ್ ತಾನಾಗಿ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುವುದನ್ನು ತಗ್ಗಿಸುತ್ತದೆ. ಒಟ್ಟಿನಲ್ಲಿ ಇನ್ಸುಲಿನ್ನಿನ ಕೈ ಬಲಪಡಿಸುವ ಹಾರ್ಮೋನು. ಇದರ ವಿಚಿತ್ರವೆಂದರೆ, ತಯಾರಾಗುವುದು ಕೊಬ್ಬಿನಲ್ಲೇ ಆದರೂ ಮೈಯಲ್ಲಿ ಕೊಬ್ಬು ಹೆಚ್ಚಿದಷ್ಟೂ ಇದು ಕಡಿಮೆಯಾಗುತ್ತದೆ. ತುಂಬಿ ಉಬ್ಬಿದ ಕೊಬ್ಬಿನ ಕೋಶಕ್ಕೆ ಆಮ್ಲಜನಕ ಸಾಲದು. ಸುತ್ತ ರೋಗನಿರೋಧಕ ಕೋಶಗಳು ಸೇರಿಕೊಂಡು ಟಿಎನ್‌ಎಫ್-ಆಲ್ಫಾ ಬಿಡತೊಡಗುತ್ತವೆ. ಅದು ಅಡಿಪೊನೆಕ್ಟಿನ್ ತಯಾರಿಕೆಯನ್ನು ಅದುಮುತ್ತದೆ. ಅದೇ ಟಿಎನ್‌ಎಫ್-ಆಲ್ಫಾ ಸ್ನಾಯುಕೋಶದ ಒಳಗೆ ಇನ್ಸುಲಿನ್ನಿನ ಸಂದೇಶ ಸಾಗುವ ದಾರಿಗೂ ಅಡ್ಡಬರುತ್ತದೆ. ಒಂದೇ ಕಾರಣಕ್ಕೆ ಎರಡು ಕಡೆ ನಷ್ಟ.

ಲೆಪ್ಟಿನ್ ಇದಕ್ಕೆ ತದ್ವಿರುದ್ಧ, ಕೊಬ್ಬು ಹೆಚ್ಚಿದರೆ ತಾನೂ ಹೆಚ್ಚುತ್ತದೆ. ಬಸುರಿಯಲ್ಲಿ ಮಾಸು (ಪ್ಲಾಸೆಂಟಾ) ಕೂಡ ಲೆಪ್ಟಿನ್ ತಯಾರಿಸುವುದರಿಂದ ಅಳತೆಯ ಅರ್ಥ ಬಿಡಿಸುವುದು ಕಷ್ಟ. ರೆಸಿಸ್ಟಿನ್ ಇಲಿಗಳಲ್ಲಿ ಕೊಬ್ಬಿನಿಂದ ಬಂದರೆ ಮನುಷ್ಯರಲ್ಲಿ ಹೆಚ್ಚಾಗಿ ರೋಗನಿರೋಧಕ ಕೋಶಗಳಿಂದ ಬರುತ್ತದೆ. ವಿಸ್‌ಫ್ಯಾಟಿನ್, ಕೆಮೆರಿನ್, ಒಮೆಂಟಿನ್ ಇತ್ಯಾದಿಗಳ ಬಗ್ಗೆ ಒಂದು ಅಧ್ಯಯನ ಏರಿತೆಂದರೆ ಇನ್ನೊಂದು ಇಳಿಯಿತೆನ್ನುತ್ತದೆ. ಇವುಗಳ ಹೆಸರಿನಲ್ಲಿ ಬರುವ ಸುದ್ದಿಯನ್ನು ಸದ್ಯಕ್ಕೆ ಓದಿ ಬಿಟ್ಟರೆ ಸಾಕು.

ಬಸುರಿನಲ್ಲಿ ಇನ್ಸುಲಿನ್ ಸೋಲುವುದು ಸಹಜ

ಆರೋಗ್ಯವಂತ ಬಸುರಿಯಲ್ಲೂ ಕೊನೆಯ ಮೂರು ತಿಂಗಳ ಹೊತ್ತಿಗೆ ಇನ್ಸುಲಿನ್ನಿಗೆ ಮೈ ಸ್ಪಂದಿಸುವ ಶಕ್ತಿ ಅರ್ಧಕ್ಕಿಂತ ಹೆಚ್ಚು, ಅಂದಾಜು 50ರಿಂದ 60 ಶೇಕಡಾ, ಕುಸಿಯುತ್ತದೆ. ಮಾಸಿನಿಂದ ಬರುವ ಲ್ಯಾಕ್ಟೊಜೆನ್, ಬೆಳವಣಿಗೆಯ ಹಾರ್ಮೋನು, ಪ್ರೊಜೆಸ್ಟರಾನ್, ಟಿಎನ್‌ಎಫ್-ಆಲ್ಫಾ ಎಲ್ಲವೂ ಸೇರಿ ಇದನ್ನು ಮಾಡುತ್ತವೆ. ತಾಯಿಯ ಸ್ನಾಯುಗಳು ಸಕ್ಕರೆಯನ್ನು ತಾವೇ ಹೀರಿಕೊಳ್ಳದೆ ಕೊಬ್ಬು ಉರಿಸಿಕೊಂಡು, ಸಕ್ಕರೆಯನ್ನು ಮಗುವಿಗೆ ಬಿಟ್ಟುಕೊಡಲಿ ಎಂಬ ಏರ್ಪಾಡು ಇದು. ತಿಂಗಳು ತುಂಬುತ್ತಾ ಹೋದಂತೆ ಅಡಿಪೊನೆಕ್ಟಿನ್ ಇಳಿಯುವುದೂ ಲೆಪ್ಟಿನ್ ಎರಡು ಮೂರು ಪಟ್ಟು ಏರುವುದೂ ಇದೇ ಏರ್ಪಾಡಿನ ಭಾಗ. ಹೆರಿಗೆಯಾಗಿ ಮಾಸು ಬಿದ್ದ ಕೂಡಲೇ ಲೆಪ್ಟಿನ್ ದಿಢೀರನೆ ಇಳಿಯುತ್ತದೆ.

ಕೊರತೆ ತುಂಬಲು ಮೇದೋಜೀರಕ ಗ್ರಂಥಿ ಎರಡರಿಂದ ಎರಡೂವರೆ ಪಟ್ಟು ಇನ್ಸುಲಿನ್ ಸುರಿಸಬೇಕು. ಬಹುಪಾಲು ಹೆಂಗಸರಲ್ಲಿ ಅದು ಆಗುತ್ತದೆ. ಬಸುರಿಗೆ ಮೊದಲೇ ಅಡಿಪೊನೆಕ್ಟಿನ್ ಕಡಿಮೆ ಇದ್ದು, ಇನ್ಸುಲಿನ್ ಆಗಲೇ ಏದುಸಿರು ಬಿಡುತ್ತಿದ್ದವರಿಗೆ ಈ ಹೆಚ್ಚುವರಿ ಹೊರೆ ತಡೆಯುವುದಿಲ್ಲ. 24ನೇ ವಾರದ ಸುಮಾರಿಗೆ ಮಾಸಿನ ಹಾರ್ಮೋನುಗಳು ಜೋರಾಗುವಾಗ ಸಕ್ಕರೆ ಗೆರೆ ದಾಟುತ್ತದೆ. ಪರೀಕ್ಷೆಗೆ 24ರಿಂದ 28ನೇ ವಾರ ಎಂದು ನಿಗದಿ ಮಾಡಿರುವುದು ಇದಕ್ಕಾಗಿಯೇ. ಏಳನೇ ತಿಂಗಳ ಸೀಮಂತಕ್ಕೆ ಬಂದವರೆಲ್ಲ ಬಾಯಿಗೆ ಸಿಹಿ ಇಡುವ ಹೊತ್ತಿಗೆ ಆ ಗಡುವು ಮುಗಿಯುತ್ತಾ ಬಂದಿರುತ್ತದೆ. ಪರೀಕ್ಷೆ ಸೀಮಂತಕ್ಕಿಂತ ಮೊದಲೇ ಆಗಿರಬೇಕು.

ಕಡ್ಡಿ ಹಾಗಿದ್ದವಳ ಒಳಗೊಬ್ಬು

ಎತ್ತರ 155 ಸೆಂ.ಮೀ., ತೂಕ 50 ಕೆ.ಜಿ. ಇದ್ದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 20.8. ಯಾವ ಪಟ್ಟಿ ನೋಡಿದರೂ ಸರಿಯಾದ ತೂಕ. ಆದರೆ ಬಿಎಂಐ ತೂಕವನ್ನಷ್ಟೇ ಬಲ್ಲದು. ಅದರಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು, ಕೊಬ್ಬು ಎಲ್ಲಿ ಕೂತಿದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಚರ್ಮದ ಕೆಳಗಿನ ಕೊಬ್ಬು ಒಂದು ಕಣಜ ಎಂದುಕೊಳ್ಳಿ. ಕಣಜ ದೊಡ್ಡದಿದ್ದರೆ ಕಾಳು ಎಷ್ಟು ಬಂದರೂ ಸುರಕ್ಷಿತ. ಚಿಕ್ಕದಿದ್ದರೆ ಬೇಗ ತುಂಬಿ ಹೊರಗೆ ಚೆಲ್ಲುತ್ತದೆ. ದಕ್ಷಿಣ ಏಷ್ಯಾದವರಲ್ಲಿ ಈ ಕಣಜ ಚಿಕ್ಕದು ಎಂಬುದು ಸಂಶೋಧಕರಲ್ಲಿ ಬಲವಾಗಿರುವ ಒಂದು ವಾದ. ಮಿಕ್ಕ ಕೊಬ್ಬು ಲಿವರ್, ಹೊಟ್ಟೆಯ ಒಳಭಾಗ, ಸ್ನಾಯುಗಳಲ್ಲಿ ಸೇರುತ್ತದೆ; ಇನ್ಸುಲಿನ್ನಿಗೆ ಅಡ್ಡಿಯಾಗುವುದು ಈ ಜಾಗಗಳ ಕೊಬ್ಬೇ. ಅದೇ ಬಿಎಂಐ ಇರುವ ಬಿಳಿಯರಿಗೆ ಹೋಲಿಸಿದರೆ ನಮ್ಮವರಲ್ಲಿ ಅಡಿಪೊನೆಕ್ಟಿನ್ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಗೆರೆಯನ್ನು ಕೆಳಕ್ಕೆ ಎಳೆದಿರುವುದು, ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂ.ಮೀ. ಮೀರಬಾರದು ಎನ್ನುವುದು ಇದೇ ಹಿನ್ನೆಲೆಯಲ್ಲಿ.

ಇದು ಹುಟ್ಟಿನಿಂದಲೇ ಶುರುವಾಗುತ್ತದೆಂದು ತೋರಿಸಿದ್ದು ಪುಣೆಯ ಸಿ.ಎಸ್. ಯಾಜ್ಞಿಕ್ ಮತ್ತು ಜೊತೆಗಾರರ ಕೆಲಸ. ಅಲ್ಲಿನ ಹಳ್ಳಿಗಳ ನವಜಾತ ಶಿಶುಗಳ ಸರಾಸರಿ ತೂಕ 2.7 ಕೆ.ಜಿ., ಇಂಗ್ಲೆಂಡಿನ ಶಿಶುಗಳದು ಸುಮಾರು 3.5 ಕೆ.ಜಿ. ಪುಣೆಯ ಮಕ್ಕಳಲ್ಲಿ ಕೊರತೆಯಾದದ್ದು ಸ್ನಾಯು. ಚರ್ಮದಡಿಯ ಕೊಬ್ಬು ಹೆಚ್ಚುಕಡಿಮೆ ಹಾಗೇ ಉಳಿದಿತ್ತು. ಊಟದ ನಂತರದ ಸಕ್ಕರೆಯನ್ನು ಹೆಚ್ಚಾಗಿ ಹೀರುವುದು ಸ್ನಾಯು. ಅದು ಕಡಿಮೆ ಇದ್ದರೆ ಒಂದು ತಟ್ಟೆ ಅನ್ನದ ಸಕ್ಕರೆಗೂ ರಕ್ತ ಬಿಟ್ಟು ಹೋಗಲು ದಾರಿ ಸಾಲದು. ಇದರ ಮೇಲೆ ದಿನವಿಡೀ ಕುರ್ಚಿಯ ಕೆಲಸ, ಹೊರವರ್ತುಲ ರಸ್ತೆಯಲ್ಲಿ ಕ್ಯಾಬಿನೊಳಗೆ ಕೂತೇ ಕಳೆಯುವ ಗಂಟೆಗಳು ಸೇರಿದರೆ ಇರುವ ಸ್ನಾಯುವೂ ಕೆಲಸ ಮರೆಯುತ್ತದೆ. ಪಿಸಿಒಡಿ, ಅಂದರೆ ಮುಟ್ಟು ಏರುಪೇರಾಗಿಸುವ ಅಂಡಾಶಯದ ತೊಂದರೆ, ಇರುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಕರ್ನಾಟಕದ್ದೇ ಒಂದು ಎಳೆ ಇಲ್ಲಿ ಸೇರಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ಹೆರಿಗೆಯಾದವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ಬಸುರಿನಲ್ಲಿ ವಿಟಮಿನ್ ಬಿ12 ಕೊರತೆ ಇದ್ದವರ ಮೈಯಲ್ಲಿ ಕೊಬ್ಬೂ ಹೆಚ್ಚು, ಬಸುರಿನ ಶುಗರ್ ಕೂಡ ಹೆಚ್ಚು ಕಂಡಿತು. ಕೊರತೆ ಇದ್ದವರು ನೂರಕ್ಕೆ ನಲವತ್ತರ ಮೇಲಿದ್ದರು. ಬಿ12 ಮಾತ್ರೆ ನುಂಗಿದರೆ ಶುಗರ್ ಬರುವುದಿಲ್ಲ ಎಂದು ಇದರರ್ಥವಲ್ಲ. ಸಸ್ಯಾಹಾರದ ಮನೆಗಳಲ್ಲಿ ಕೊರತೆ ಸಾಮಾನ್ಯವಾದ್ದರಿಂದ ಒಮ್ಮೆ ನೋಡಿಸಿಕೊಳ್ಳುವುದು ಮಾತ್ರ ಜಾಣತನ.

ಮಗುವಿನ ಕಡೆಯಿಂದ ನೋಡಿದರೆ

ತಾಯಿಯ ರಕ್ತದ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಬಂದ ಸಕ್ಕರೆಯನ್ನು ನಿಭಾಯಿಸಲು ಮಗು ತನ್ನದೇ ಇನ್ಸುಲಿನ್ ಹೆಚ್ಚಿಸಿಕೊಳ್ಳುತ್ತದೆ. ಆ ಇನ್ಸುಲಿನ್ ಮಗುವಿನ ಮೈಯಲ್ಲಿ ಕೊಬ್ಬು ಕಟ್ಟುತ್ತದೆ. ಹುಟ್ಟಿದ ಮೇಲೆ ತಾಯಿಯ ಸಕ್ಕರೆ ಥಟ್ಟನೆ ನಿಂತು, ಏರಿದ ಇನ್ಸುಲಿನ್ ಹಾಗೇ ಉಳಿಯುವುದರಿಂದ ಮೊದಲ ಕೆಲವು ಗಂಟೆಗಳಲ್ಲಿ ಮಗುವಿನ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಅಂಥ ಮಗುವಿಗೆ ಹುಟ್ಟಿದ ಗಂಟೆಯೊಳಗೆ ಎದೆಹಾಲು ಕೊಡಿಸಿ, ಹಿಮ್ಮಡಿಯಿಂದ ರಕ್ತ ತೆಗೆದು ಸಕ್ಕರೆ ನೋಡುವುದು ಇದಕ್ಕಾಗಿ.

ಅಡಿಪೊನೆಕ್ಟಿನ್‌ಗೆ ಇಲ್ಲಿ ಇನ್ನೊಂದು ಪಾತ್ರವಿದೆ, ಅದನ್ನು ಸುದ್ದಿಗಳು ಹೇಳುವುದೇ ಇಲ್ಲ. ತಾಯಿಯ ಸ್ನಾಯುವಿನಲ್ಲಿ ಇನ್ಸುಲಿನ್ನಿಗೆ ಬಲ ಕೊಡುವ ಇದೇ ಹಾರ್ಮೋನು ಮಾಸಿನ ಕೋಶಗಳಲ್ಲಿ ಇನ್ಸುಲಿನ್ನಿನ ಪ್ರಭಾವವನ್ನು ತಗ್ಗಿಸಿ, ಮಗುವಿಗೆ ಹೋಗುವ ಪೋಷಕಾಂಶಗಳಿಗೆ ಕಡಿವಾಣ ಹಾಕುತ್ತದೆ. ಅದು ಕಡಿಮೆಯಾದರೆ ತಾಯಿಯ ರಕ್ತದಲ್ಲಿ ಸಕ್ಕರೆಯೂ ಹೆಚ್ಚು, ಮಾಸಿನ ಕಡಿವಾಣವೂ ಸಡಿಲ. ಬೊಜ್ಜು ಬರಿಸಿದ ಬಸುರಿ ಇಲಿಗಳಿಗೆ ಅಡಿಪೊನೆಕ್ಟಿನ್ ಕೊಟ್ಟಾಗ ಮರಿಗಳು ಅತಿಯಾಗಿ ಬೆಳೆಯುವುದು ತಪ್ಪಿತು. ಮನುಷ್ಯರಿಗೆ ಕೊಡುವಂಥ ಔಷಧಿ ಇದರಿಂದ ಇನ್ನೂ ಹುಟ್ಟಿಲ್ಲ.

ನಮ್ಮಲ್ಲಿ ಈ ಪರಿಣಾಮ ತಕ್ಕಡಿಯಲ್ಲಿ ಕಾಣದೆ ಹೋಗುವುದೂ ಉಂಟು. 4 ಕೆ.ಜಿ. ಮಗು ಹುಟ್ಟಿದರೆ ಎಲ್ಲರೂ ಹುಬ್ಬೇರಿಸುತ್ತಾರೆ, 3 ಕೆ.ಜಿ. ಮಗುವಿನ ಮೈಯಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆದ 'ಮಾಸ್ತಿ' ಅಧ್ಯಯನ, ತಾಯಂದಿರ ಸಕ್ಕರೆಯ ಜೊತೆಗೆ ಶಿಶುಗಳ ಚರ್ಮದ ಮಡಿಕೆಯ ದಪ್ಪವನ್ನು ಕ್ಯಾಲಿಪರ್ ಹಿಡಿದು ಅಳೆಯಲು ಹೊರಟದ್ದು ಇದನ್ನು ಹಿಡಿಯಲಿಕ್ಕೇ.

ಕಾರಣವೋ, ಬರೀ ಗುರುತೋ?

ಸಂಶೋಧಕರಲ್ಲೇ ಒಮ್ಮತವಿಲ್ಲದ ಜಾಗ ಇದು. ಒಂದು ಪಕ್ಷದ ವಾದ: ಬಸುರಿಗೆ ಮೊದಲು ಅಥವಾ ಮೊದಲ ಮೂರು ತಿಂಗಳಲ್ಲಿ ತೆಗೆದಿಟ್ಟ ರಕ್ತವನ್ನು ಆಮೇಲೆ ಪರೀಕ್ಷಿಸಿದಾಗ, ಮುಂದೆ ಶುಗರ್ ಬಂದವರಲ್ಲಿ ಅಡಿಪೊನೆಕ್ಟಿನ್ ಮೊದಲೇ ಕಡಿಮೆ ಇತ್ತು, ತೂಕದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದರೂ ಆ ಸಂಬಂಧ ಅಳಿಯಲಿಲ್ಲ. ಅಡಿಪೊನೆಕ್ಟಿನ್ ಜೀನ್ ತೆಗೆದ ಇಲಿಗಳಿಗೆ ಬಸುರಿನಲ್ಲಿ ಸಕ್ಕರೆ ಏರುತ್ತದೆ. ಕಾಯಿಲೆಗೆ ಮುಂಚೆ ಕೊರತೆ, ಕೊರತೆ ತಂದೊಡ್ಡಿದರೆ ಕಾಯಿಲೆ. ಹಾಗಾಗಿ ಇದು ಕಾರಣ.

ಎದುರು ಪಕ್ಷ ಬೇರೆ ದಾರಿಯಿಂದ ಬರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ, ಜೀನುಗಳ ದೆಸೆಯಿಂದ, ಅಡಿಪೊನೆಕ್ಟಿನ್ ಸ್ವಲ್ಪ ಕಡಿಮೆ. ಅದೇ ಕಾರಣವಾಗಿದ್ದರೆ ಇವರಿಗೆ ಸಕ್ಕರೆ ಕಾಯಿಲೆ ಹೆಚ್ಚು ಬರಬೇಕಿತ್ತು. ಸಾಮಾನ್ಯ ಟೈಪ್ 2 ಮಧುಮೇಹದ ಬಗ್ಗೆ ನಡೆದ ದೊಡ್ಡ ಜೀನ್ ವಿಶ್ಲೇಷಣೆಗಳಲ್ಲಿ ಹಾಗೆ ಸ್ಪಷ್ಟವಾಗಿ ಕಾಣಲಿಲ್ಲ. ಮೇಲಾಗಿ ರಕ್ತದಲ್ಲಿ ಇನ್ಸುಲಿನ್ ಏರಿದರೆ ಅದೇ ಅಡಿಪೊನೆಕ್ಟಿನ್ನನ್ನು ಇಳಿಸುತ್ತದೆ. ಹಾಗಾಗಿ ಒಳಗೊಳಗೇ ಬೆಳೆಯುತ್ತಿರುವ ತೊಂದರೆಯ ಗುರುತಷ್ಟೇ ಇದಾಗಿರಬಹುದು.

ನನಗೆ ತೋರುವಂತೆ, ಬಸುರಿನ ಮಟ್ಟಿಗೆ ಎರಡೂ ತುಸು ತುಸು ನಿಜ. ಮಾಸಿನ ಮೇಲಿನ ಪ್ರಭಾವ ಬರೀ ಗುರುತೆಂದು ತಳ್ಳಿಹಾಕುವಂಥದ್ದಲ್ಲ. ಆದರೆ ಒಂದು ಹಾರ್ಮೋನನ್ನೇ ಖಳನಾಯಕನ ಪಟ್ಟಕ್ಕೇರಿಸುವ ಸುದ್ದಿ ತಪ್ಪು. ಇನ್ಸುಲಿನ್ ತಯಾರಿಸುವ ಶಕ್ತಿಯೇ ಕೆಲವರಿಗೆ ಕಡಿಮೆ, ಅದಕ್ಕೂ ಕೊಬ್ಬಿಗೂ ಸಂಬಂಧವೇ ಇಲ್ಲದಿರಬಹುದು; ತೆಳ್ಳಗಿನ ಭಾರತೀಯರಲ್ಲಿ ಇಂಥವರು ಕಡಿಮೆಯೇನಿಲ್ಲ.

ಹಾಗಾದರೆ ಅಳೆಯಿಸಬೇಕೇ?

ಬೇಡ. ಮೊದಲನೆಯದಾಗಿ, ಅಳತೆಗೆ ಒಂದು ಒಪ್ಪಿತ ಮಟ್ಟವಿಲ್ಲ. ಅಡಿಪೊನೆಕ್ಟಿನ್ ರಕ್ತದಲ್ಲಿ ಚಿಕ್ಕ, ದೊಡ್ಡ ಗೊಂಚಲುಗಳಾಗಿ ಓಡಾಡುತ್ತದೆ. ಇನ್ಸುಲಿನ್ನಿಗೆ ನೆರವಾಗುವುದು ಹೆಚ್ಚಾಗಿ ದೊಡ್ಡ ಗೊಂಚಲು. ಒಂದು ಕಿಟ್ ಒಟ್ಟು ಮೊತ್ತ ಅಳೆದರೆ ಇನ್ನೊಂದು ದೊಡ್ಡ ಗೊಂಚಲನ್ನಷ್ಟೇ ಅಳೆಯುತ್ತದೆ. ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ಪಕ್ಕ ಇಡಲಾಗದು. ಬಸುರಿನ ಯಾವ ವಾರಕ್ಕೆ ಎಷ್ಟಿದ್ದರೆ ಸರಿ ಎಂಬ ಗೆರೆಯನ್ನು ಯಾವ ಮಾರ್ಗಸೂಚಿಯೂ ಎಳೆದಿಲ್ಲ.

ಇನ್ನು, ವಯಸ್ಸು, ಬಿಎಂಐ, ಅಪ್ಪ ಅಮ್ಮನಿಗೆ ಶುಗರ್ ಇದೆಯೇ, ಹಿಂದಿನ ಬಸುರಿನಲ್ಲಿ ಬಂದಿತ್ತೇ ಎಂಬ ನಾಲ್ಕು ಪ್ರಶ್ನೆ ಮತ್ತು ಒಂದು ಸಕ್ಕರೆ ಪರೀಕ್ಷೆಯಿಂದ ಸಿಗುವ ಅಂದಾಜಿಗೆ ಇದು ಸೇರಿಸುವುದು ಅಲ್ಪ. ಕೊನೆಗೆ, ಫಲಿತಾಂಶ ಏನೇ ಬಂದರೂ ಮಾಡುವುದು ಬದಲಾಗುವುದಿಲ್ಲ. ಕಡಿಮೆ ಬಂದರೆ ಸಕ್ಕರೆ ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಸರಿಯಾಗಿ ಬಂದರೂ ಸಕ್ಕರೆ ಪರೀಕ್ಷೆ ಮಾಡಿಸಲೇಬೇಕು. ಭಾರತದಲ್ಲಿ ಎಲ್ಲ ಬಸುರಿಯರಿಗೂ ಅದು ಕಡ್ಡಾಯ ಎಂದಿರುವಾಗ, ಯಾರಿಗೆ ಮಾಡಬೇಕೆಂದು ಆರಿಸುವ ಇನ್ನೊಂದು ಪರೀಕ್ಷೆಯ ಅಗತ್ಯವೇ ಬೀಳುವುದಿಲ್ಲ. ಸರಿಯಾಗಿದೆ ಎಂಬ ಹಾರ್ಮೋನು ರಿಪೋರ್ಟನ್ನು ನಂಬಿ ಯಾರಾದರೂ ಸಕ್ಕರೆ ಪರೀಕ್ಷೆ ಬಿಟ್ಟರೆ ಅದು ನೇರ ಹಾನಿ.

ಒಬ್ಬಳೇ ಬಸುರಿ, ಎರಡು ರಿಪೋರ್ಟು

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಗೊಂದಲ ಇಲ್ಲಿದೆ. ಸರ್ಕಾರಿ ಆಸ್ಪತ್ರೆ, ಸರ್ಕಾರದ 'ನಮ್ಮ ಕ್ಲಿನಿಕ್'ಗಳು ಅನುಸರಿಸುವ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಊಟ ಮಾಡಿದ್ದರೂ ಬಿಟ್ಟಿದ್ದರೂ 75 ಗ್ರಾಂ ಗ್ಲೂಕೋಸನ್ನು 300 ಮಿ.ಲೀ. ನೀರಿನಲ್ಲಿ ಕರಗಿಸಿ ಐದು ಹತ್ತು ನಿಮಿಷದಲ್ಲಿ ಕುಡಿಸುತ್ತಾರೆ. ಎರಡು ಗಂಟೆಯ ನಂತರ 140 ಮಿ.ಗ್ರಾಂ. ಅಥವಾ ಹೆಚ್ಚಿದ್ದರೆ ಬಸುರಿನ ಶುಗರ್. ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೇ ವಾರದಲ್ಲೊಮ್ಮೆ, ನಡುವೆ ಕನಿಷ್ಠ ನಾಲ್ಕು ವಾರ ಬಿಟ್ಟು. ಚೆನ್ನೈನ ಮಧುಮೇಹ ತಜ್ಞ ವಿ. ಶೇಷಯ್ಯ ಅವರು ಬೆಳೆಸಿದ ಕ್ರಮ ಇದು. ಖಾಸಗಿ ಆಸ್ಪತ್ರೆಗಳು ಹೆಚ್ಚಾಗಿ ಹಿಡಿಯುವುದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಒಪ್ಪಿದ ಕ್ರಮ: ರಾತ್ರಿಯಿಂದ ಖಾಲಿ ಹೊಟ್ಟೆ, ಅದೇ 75 ಗ್ರಾಂ, ಮೂರು ಸಲ ರಕ್ತ. ಖಾಲಿ ಹೊಟ್ಟೆಯಲ್ಲಿ 92, ಒಂದು ಗಂಟೆಗೆ 180, ಎರಡು ಗಂಟೆಗೆ 153. ಮೂರರಲ್ಲಿ ಒಂದು ಮುಟ್ಟಿದರೂ ಶುಗರ್.

ಎರಡು ಗಂಟೆಯ ಅಂಕಿ 146 ಬಂದವಳು ಮೊದಲ ಲೆಕ್ಕದಲ್ಲಿ ರೋಗಿ, ಉಳಿದೆರಡು ಅಂಕಿ ಗೆರೆಯೊಳಗಿದ್ದರೆ ಎರಡನೆಯದರಲ್ಲಿ ಅಲ್ಲ. ಖಾಲಿ ಹೊಟ್ಟೆಯಲ್ಲಿ 96, ಎರಡು ಗಂಟೆಗೆ 130 ಬಂದವಳದು ಉಲ್ಟಾ. ಅಡಿಪೊಕೈನ್ ವಿಜ್ಞಾನ ಬಿಡಿಸಿ ಹೇಳಬಲ್ಲ ಸಂಗತಿ ಇದು. ಖಾಲಿ ಹೊಟ್ಟೆಯ ಸಕ್ಕರೆ ಏರುವುದು ಲಿವರ್ ಇನ್ಸುಲಿನ್ನಿನ ಮಾತು ಕೇಳದಿದ್ದಾಗ, ಅಂದರೆ ಒಳಗೊಬ್ಬು ಹೆಚ್ಚಿ ಅಡಿಪೊನೆಕ್ಟಿನ್ ಇಳಿದಾಗ ಆಗುವ ತೊಂದರೆ. ಎರಡು ಗಂಟೆಯ ಸಕ್ಕರೆ ಹೆಚ್ಚಾಗಿ ಸ್ನಾಯು ಹೀರಿಕೊಳ್ಳುವುದನ್ನೂ ಇನ್ಸುಲಿನ್ ಉತ್ಪಾದನೆಯನ್ನೂ ತೋರಿಸುತ್ತದೆ. ಉಂಡು ಬಂದವಳ ಮೇಲೆ ಮಾಡುವ ಪರೀಕ್ಷೆಗೆ ಮೊದಲ ತೊಂದರೆ ಕಾಣುವುದಿಲ್ಲ. ಎಷ್ಟೋ ಜನರನ್ನು ಅದು ತಪ್ಪಿಸಿಕೊಳ್ಳಲು ಬಿಡುತ್ತದೆ ಎಂಬ ಟೀಕೆ ಇರುವುದು ಅದಕ್ಕೇ. ಆದರೂ ಹೊಲದ ಕೆಲಸ ಬಿಟ್ಟು ಎರಡು ಬಸ್ಸು ಹತ್ತಿ ಬರುವ ಬಸುರಿಯನ್ನು ಉಪವಾಸ ಇದ್ದು ನಾಳೆ ಬಾ ಎಂದರೆ ಅವಳು ಬರುವುದೇ ಇಲ್ಲ. ಒಂದೇ ಭೇಟಿಯಲ್ಲಿ ಮುಗಿಯುವ ಪರೀಕ್ಷೆಗೆ ಆ ಬೆಲೆ ಇದೆ. ಅನುಕೂಲ ಇರುವವರು, ಅದರಲ್ಲೂ ಪಿಸಿಒಡಿ ಅಥವಾ ಮನೆತನದ ಶುಗರ್ ಇರುವವರು, ಖಾಲಿ ಹೊಟ್ಟೆಯ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಯಾವ ಕ್ರಮವಾದರೂ ಕೆಡುವುದು ಸಣ್ಣ ಸಣ್ಣ ಜಾಗಗಳಲ್ಲಿ. ನಿಂಬೆ, ಕಿತ್ತಳೆ ರುಚಿ ಹಾಕಿದ ಅಂಗಡಿಯ ಗ್ಲೂಕೋಸ್ ಪುಡಿಯಲ್ಲಿ ಮಾಮೂಲಿ ಸಕ್ಕರೆ ಬೆರೆತಿರುತ್ತದೆ, ಅದು ಬೇಡ. ನೀರಂಶವಿರುವ ಗ್ಲೂಕೋಸ್ ಆದರೆ 75ರ ಬದಲು 82.5 ಗ್ರಾಂ ಹಾಕಬೇಕು. ವಾಕರಿಕೆ ಬಂದರೆ ನಿಂಬೆಹಣ್ಣು ಹಿಂಡಿಕೊಳ್ಳಬಹುದು. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಅಂದಿನ ಪರೀಕ್ಷೆ ಬಿಟ್ಟು ಮರುದಿನ ಮಾಡಬೇಕು. ಆಮೇಲೆ ಆದರೆ ಮುಂದುವರಿಸಬಹುದು. ಎರಡು ಗಂಟೆ ಕೂತೇ ಇರಬೇಕು, ಮಾರುಕಟ್ಟೆಗೆ ಹೋಗಿ ಬಂದರೆ ಸ್ನಾಯು ಸಕ್ಕರೆ ಹೀರಿ ಅಂಕಿ ಇಳಿಯುತ್ತದೆ. ಯಾರೂ ಕೇಳದ ಇನ್ನೊಂದು: ತೆಗೆದ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಬೇರ್ಪಡಿಸದೆ ಇಟ್ಟರೆ, ರಕ್ತಕಣಗಳೇ ಸಕ್ಕರೆ ತಿನ್ನುತ್ತಾ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಇಳಿಸುತ್ತವೆ. ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ಕೊಳವೆಯೂ ಮೊದಲ ಒಂದೆರಡು ಗಂಟೆ ಇದನ್ನು ಪೂರ್ತಿ ತಡೆಯದು. ಬಡಾವಣೆಯ ಸಂಗ್ರಹ ಕೇಂದ್ರದಲ್ಲಿ ತೆಗೆದ ರಕ್ತ ಬೈಕಿನ ಡಬ್ಬಿಯಲ್ಲಿ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಂತರೆ 94 ಇದ್ದದ್ದು 88 ಆಗಿ, ಶುಗರ್ ಇದ್ದವಳಿಗೆ ಇಲ್ಲವೆಂಬ ರಿಪೋರ್ಟು ಬರುತ್ತದೆ. ಲ್ಯಾಬ್ ಅಲ್ಲೇ ಇರುವ ಕಡೆ ಮಾಡಿಸುವುದು ಹಾರ್ಮೋನು ಪರೀಕ್ಷೆಗಿಂತ ಎಷ್ಟೋ ಉಪಯೋಗ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಒಂದನ್ನೇ ನೆಚ್ಚಿಕೊಳ್ಳುವುದೂ ಸಲ್ಲ. ಬಸುರಿನಲ್ಲಿ, ಅದರಲ್ಲೂ ರಕ್ತಹೀನತೆ ಇದ್ದರೆ, ಅದು ದಾರಿ ತಪ್ಪಿಸುತ್ತದೆ.

ಮುದ್ದೆ, ಅನ್ನ, ನಡಿಗೆ

ಕೊಬ್ಬಿನಿಂದ ತೊಂದರೆ ಎಂದು ಕೇಳಿದವರು ಬಸುರಿನಲ್ಲೇ ತೂಕ ಇಳಿಸಲು ಹೊರಡುವುದುಂಟು. ಅದು ಕೂಡದು. ತೀರಾ ಕಡಿಮೆ ತಿಂದರೆ ಮೈ ಕೊಬ್ಬನ್ನು ಕರಗಿಸಿ ಕೀಟೋನ್ ತಯಾರಿಸುತ್ತದೆ, ಅದು ಮಗುವಿಗೆ ಹಿತವಲ್ಲ. ದಿನಕ್ಕೆ ಕನಿಷ್ಠ 175 ಗ್ರಾಂ ಪಿಷ್ಟ ಬೇಕೆಂಬುದು ಬಳಕೆಯಲ್ಲಿರುವ ಲೆಕ್ಕ. ಅದನ್ನು ಮೂರು ಊಟ, ಎರಡು ಮೂರು ತಿಂಡಿಗೆ ಹಂಚಬೇಕು. ಇಬ್ಬರಿಗಾಗುವಷ್ಟು ತಿನ್ನು ಎನ್ನುವ ಮಾತನ್ನೂ ಅಷ್ಟೇ ನಯವಾಗಿ ಬದಿಗಿಡಬೇಕು.

ಅನ್ನ ಬಿಟ್ಟು ಮುದ್ದೆ ತಿಂದರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ರಾಗಿ ಹಿಟ್ಟಿನಲ್ಲೂ 100 ಗ್ರಾಂಗೆ ಸುಮಾರು 67ರಿಂದ 72 ಗ್ರಾಂ ಪಿಷ್ಟವೇ ಇದೆ. ನಾರು, ಸುಣ್ಣದಂಶ ಹೆಚ್ಚಿರುವುದು ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಸಕ್ಕರೆಯನ್ನು ಚೆನ್ನಾಗಿಯೇ ಏರಿಸುತ್ತದೆ. ಮುದ್ದೆ ಚಿಕ್ಕದಿರಲಿ, ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ ದೊಡ್ಡದಿರಲಿ. ಬೆಳಗಿನ ಹೊತ್ತು ಇನ್ಸುಲಿನ್ನಿಗೆ ಎದುರು ನಿಲ್ಲುವ ಹಾರ್ಮೋನುಗಳು ಜೋರಾಗಿರುವುದರಿಂದ ನಾಲ್ಕು ಇಡ್ಲಿ ಅಥವಾ ತಟ್ಟೆ ತುಂಬ ಚಿತ್ರಾನ್ನ ಮಾಡುವ ಹಾವಳಿ ಮಧ್ಯಾಹ್ನದ ಅಷ್ಟೇ ಅನ್ನ ಮಾಡುವುದಿಲ್ಲ. ಎರಡು ಇಡ್ಲಿಗೆ ಒಂದು ಮೊಟ್ಟೆಯೋ ಹೆಸರುಕಾಳಿನ ಉಸಲಿಯೋ ಜೊತೆಯಾದರೆ ಏರಿಕೆ ನಿಧಾನವಾಗುತ್ತದೆ. ಪ್ರತಿ ಊಟದ ನಂತರ ಹತ್ತು ಹದಿನೈದು ನಿಮಿಷದ ನಡಿಗೆ, ವೈದ್ಯರು ಬೇಡವೆನ್ನದಿದ್ದರೆ, ಚೆನ್ನಾಗಿಯೇ ಕೆಲಸ ಮಾಡಬಲ್ಲದು: ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ನಿಗೆ ಕಾಯದೆಯೂ ಸಕ್ಕರೆ ಹೀರಿಕೊಳ್ಳುತ್ತದೆ.

ಎರಡು ವಾರ ಹೀಗೆ ಮಾಡಿಯೂ ಊಟವಾದ ಎರಡು ಗಂಟೆಗೆ 120 ದಾಟಿದರೆ, ಅಥವಾ ಖಾಲಿ ಹೊಟ್ಟೆಯಲ್ಲಿ 95 ದಾಟಿದರೆ, ವೈದ್ಯರು ಮೆಟ್‌ಫಾರ್ಮಿನ್ ಮಾತ್ರೆ ಇಲ್ಲವೇ ಇನ್ಸುಲಿನ್ ಶುರುಮಾಡುತ್ತಾರೆ. ಇಂಜೆಕ್ಷನ್ ಎಂದರೆ ಮನೆಯವರು ಬೆಚ್ಚುವುದು ಜಾಸ್ತಿ. ಮಗುವಿಗೆ ದಾಟದಿರುವುದು ಇನ್ಸುಲಿನ್ನೇ, ಮಾತ್ರೆ ದಾಟುತ್ತದೆ.

ತಡೆಗಟ್ಟುವ ಕೆಲಸಕ್ಕೆ ಬಸುರಿನ ಮಧ್ಯಭಾಗ ತಡವಾಯಿತು. ಬೊಜ್ಜಿರುವ ಬಸುರಿಯರಿಗೆ ಊಟ, ವ್ಯಾಯಾಮದ ಸಲಹೆ ಕೊಟ್ಟು ನೋಡಿದ ಬ್ರಿಟನ್ನಿನ ಅಪ್‌ಬೀಟ್, ಅಧಿಕ ತೂಕದವರನ್ನೂ ಸೇರಿಸಿಕೊಂಡ ಆಸ್ಟ್ರೇಲಿಯಾದ ಲಿಮಿಟ್ ಎಂಬ ದೊಡ್ಡ ಪ್ರಯೋಗಗಳಲ್ಲಿ ಶುಗರ್ ಬರುವುದು ಕಡಿಮೆಯಾಗಲಿಲ್ಲ. ಒಳಗೊಬ್ಬು ಕರಗಿ ಅಡಿಪೊನೆಕ್ಟಿನ್ ಏರುವುದಕ್ಕೆ ತಿಂಗಳುಗಳು ಬೇಕು. ಅದು ಮದುವೆ, ಮಗುವಿನ ಯೋಚನೆಯ ಹೊತ್ತಿಗೆ ಆಗಬೇಕಾದ ಕೆಲಸ. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ಬೆಂಗಳೂರಿನಲ್ಲೂ ಧಾರಾಳವಾಗಿ ಸಿಗುತ್ತಿರುವುದರಿಂದ ಒಂದು ಎಚ್ಚರಿಕೆ: ಸೆಮಾಗ್ಲುಟೈಡ್ ತೆಗೆದುಕೊಳ್ಳುತ್ತಿದ್ದರೆ ಬಸುರಿಗೆ ಕನಿಷ್ಠ ಎರಡು ತಿಂಗಳ ಮೊದಲೇ ನಿಲ್ಲಿಸಬೇಕು.

ಬಾಣಂತನದಲ್ಲಿ ಕಳೆದುಹೋಗುವ ಪರೀಕ್ಷೆ

ಹೆರಿಗೆಯಾಗಿ ಮಾಸು ಹೊರಬಂದ ಮೇಲೆ ಸಕ್ಕರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಶುಗರ್ ಹೋಯಿತು ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಇಳಿದದ್ದು ಮಾಸಿನ ಹೊರೆ ಮಾತ್ರ. ಕಡಿಮೆ ಅಡಿಪೊನೆಕ್ಟಿನ್, ಒಳಗೊಬ್ಬು, ದಣಿದ ಮೇದೋಜೀರಕ ಹಾಗೆಯೇ ಉಳಿದಿರುತ್ತವೆ. ಬಸುರಿನಲ್ಲಿ ಶುಗರ್ ಬಂದವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಏಳರಿಂದ ಹತ್ತು ಪಟ್ಟು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳು ಹೇಳುತ್ತವೆ.

ಅದಕ್ಕಾಗಿ ಆರನೇ ವಾರಕ್ಕೆ ಮತ್ತೆ 75 ಗ್ರಾಂ ಪರೀಕ್ಷೆ ಆಗಬೇಕು, ಈ ಸಲ ಖಾಲಿ ಹೊಟ್ಟೆಯಲ್ಲಿ. ಖಾಲಿ ಹೊಟ್ಟೆಗೆ 126 ಅಥವಾ ಎರಡು ಗಂಟೆಗೆ 200 ಮುಟ್ಟಿದರೆ ಮಧುಮೇಹ. ಎರಡು ಗಂಟೆಗೆ 140ರಿಂದ 199 ಇದ್ದರೆ ಗಡಿಯಲ್ಲಿದ್ದಾಳೆ ಎಂದರ್ಥ. ಆಗ ಅವಳು ಎಲ್ಲಿರುತ್ತಾಳೆ? ಹಾಸನದಲ್ಲೋ ತುಮಕೂರಿನಲ್ಲೋ ತವರಿನಲ್ಲಿ, ಕಿವಿಗೆ ಹತ್ತಿ ಇಟ್ಟುಕೊಂಡು, ಕೊಬ್ಬರಿ ಬೆಲ್ಲದ ಅಂಟಿನುಂಡೆ ತಿನ್ನುತ್ತಾ. ಬಸುರಿನ ಲೆಕ್ಕ ಇಟ್ಟ ಬೆಂಗಳೂರಿನ ವೈದ್ಯರು ದೂರ. ತವರೂರಿನ ಕೇಂದ್ರಕ್ಕೆ ಇವಳಿಗೆ ಶುಗರ್ ಇತ್ತೆಂಬುದೇ ಗೊತ್ತಿಲ್ಲ. ಹಾರ್ಮೋನು ಕಿಟ್‌ಗಳ ಮೇಲಿನ ಉತ್ಸಾಹದಲ್ಲಿ ಕಾಲುಭಾಗ ಈ ಪರೀಕ್ಷೆಯ ಮೇಲೆ ಹರಿದರೂ ಆಗುವ ಲಾಭ ದೊಡ್ಡದು.

ದಾರಿ ಸುಲಭವಿದೆ. ಮಗುವಿಗೆ ಆರು ವಾರಕ್ಕೆ ಮೊದಲ ಪೆಂಟಾವೇಲೆಂಟ್ ಲಸಿಕೆ ಹಾಕಿಸಲೇಬೇಕು. ಅದನ್ನು ಯಾವ ಅಜ್ಜಿಯೂ ತಪ್ಪಿಸುವುದಿಲ್ಲ. ಅದೇ ಬೆಳಿಗ್ಗೆ ತಾಯಿ ಖಾಲಿ ಹೊಟ್ಟೆಯಲ್ಲಿ ಹೋಗಿ, ಮೊದಲ ರಕ್ತ ಕೊಟ್ಟು ಗ್ಲೂಕೋಸ್ ಕುಡಿದರೆ, ಲಸಿಕೆಯ ಸರದಿ ಮುಗಿದು ಮಗುವಿಗೆ ಹಾಲೂಡಿಸುವಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ಬಿಡುಗಡೆಯ ದಿನವೇ ತಾಯಿ ಕಾರ್ಡಿನಲ್ಲಿ ಲಸಿಕೆಯ ತಾರೀಕಿನ ಪಕ್ಕ 'ತಾಯಿಗೆ ಶುಗರ್ ಪರೀಕ್ಷೆ' ಎಂದು ಬರೆಸಿಕೊಳ್ಳಿ, ಬಸುರಿನ ಸಕ್ಕರೆ ರಿಪೋರ್ಟಿನ ಒಂದು ಪ್ರತಿ ತವರಿಗೆ ಹೋಗುವ ಚೀಲದಲ್ಲಿರಲಿ. ಎದೆಹಾಲು ಎಷ್ಟು ತಿಂಗಳು ಮುಂದುವರಿದರೆ ಅಷ್ಟು ಒಳ್ಳೆಯದು, ತಾಯಿಗೆ ಮುಂದೆ ಮಧುಮೇಹ ಬರುವ ಅಪಾಯವೂ ಅದರಿಂದ ತಗ್ಗುತ್ತದೆ. ಆರು ವಾರದ ಅಂಕಿ ಸರಿಯಾಗಿ ಬಂದರೂ ವರ್ಷಕ್ಕೊಮ್ಮೆ ಸಕ್ಕರೆ ನೋಡಿಸಬೇಕು, ಇನ್ನೊಂದು ಮಗುವಿನ ಯೋಚನೆ ಇದ್ದರೆ ಅದಕ್ಕೆ ಮೊದಲೊಮ್ಮೆ.